ಬಂದೂಕಿನ ಬಣ್ಣ, ಬುಗುರಿಯ ಗುನ್ನ

ಮೊಬೈಲಿನಲ್ಲಿ ಆಡುವ ಯುದ್ಧದ ಆಟಗಳ ಬಗ್ಗೆ ನಮ್ಮ ಕಡೆಯ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಎರಡೇ ಬಗೆ. ಒಂದು, ಮಕ್ಕಳು ಕೆಟ್ಟು ಕೆರ ಹಿಡಿದು ಹೋದರು ಅನ್ನುವ ಗೋಳು. ಇನ್ನೊಂದು, ಸರ್ಕಾರ ನಿಷೇಧ ಹಾಕಿತು, ಇಲ್ಲವೇ ತೆಗೆಯಿತು ಅನ್ನುವ ಸುದ್ದಿ. ಸಿನಿಮಾ ಬಂದರೆ ಕತೆ ಹೇಗಿದೆ, ಹಾಡು ಹೇಗಿದೆ ಅಂತ ಬರೆಯುತ್ತೇವೆ. ಯಕ್ಷಗಾನವಾದರೆ ಭಾಗವತರ ಕಂಠದಿಂದ ಹಿಡಿದು ಚಂಡೆಯವರೆಗೂ ತೂಗಿ ನೋಡುತ್ತೇವೆ. ಆದರೆ ಇಷ್ಟೊಂದು ಹುಡುಗರು ದಿನವೂ ಆಡುವ ಆಟ, ಆಟವಾಗಿ ಹೇಗಿದೆ, ಅದರಲ್ಲಿ ಯಾವುದು ಚೆಂದ ಯಾವುದು ಮೋಸ ಅಂತ ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಹೀಗಾಗಿ, ಎಂ.ಕಾಂ. ಓದಿ ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕಂಡವರ ದುಡ್ಡು ಎಣಿಸಿದ, ಅರವತ್ತು ದಾಟಿದ ಹೆಂಗಸು ನಾನೇ ಬರೆಯಬೇಕಾಗಿ ಬಂದಿದೆ. ನಗಬೇಡಿ!

ನಿವೃತ್ತಿಯಾದ ಮೇಲೆ ಮಗಳು ಅಳಿಯನ ಜೊತೆ ಚೆನ್ನೈನ ವೇಲಚೇರಿಯಲ್ಲಿದ್ದೇನೆ. ಬೀಚಿನಿಂದ ಬರುವ ಎಂಆರ್‌ಟಿಎಸ್ ರೈಲಿನ ನಿಲ್ದಾಣ ಇಲ್ಲಿದೆ. ಮನೆ ಬಾಡಿಗೆಯದು. ಕರಾರು ಪತ್ರದಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದು ಅಂತ ಓನರಮ್ಮ ಪ್ರತ್ಯೇಕವಾಗಿ ಬರೆಸಿದ್ದಾರೆ. ನಮ್ಮವರ ಫೋಟೋ ಇವತ್ತಿಗೂ ಟಿ.ವಿ. ಪಕ್ಕದ ಮೇಜಿನ ಮೇಲೇ ಒರಗಿಕೊಂಡಿದೆ. ಈ ಮನೆಯಲ್ಲಿ ಪ್ಲಸ್ ಟೂ ಓದುವ ಮೊಮ್ಮಗ ಈ ಸಲದ ಹುಟ್ಟುಹಬ್ಬಕ್ಕೆ ನನ್ನ ಹತ್ತಿರ ಕೇಳಿದ ಉಡುಗೊರೆ ಏನು ಗೊತ್ತೆ? ಬಂದೂಕಿಗೆ ಬಣ್ಣ. ಅದೂ ಫೋನಿನೊಳಗಿನ ಬಂದೂಕಿಗೆ.

“ಎಷ್ಟಾಗತ್ತೋ?” ಅಂದೆ.

“ಹೇಳಕ್ಕಾಗಲ್ಲ ಅಜ್ಜಿ, ಅದೃಷ್ಟ ಇದ್ರೆ ಬೇಗ ಸಿಗತ್ತೆ.”

ಸಾಲದ ಅರ್ಜಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಅವತ್ತೇ ವಾಪಸ್ ಕಳಿಸುತ್ತಿದ್ದೆ. ಮೊಮ್ಮಗ ಅಲ್ಲವೆ! ಹಾಗಾಗಿ ಮೊದಲು ಆಟ ನೋಡೋಣ, ಆಮೇಲೆ ದುಡ್ಡಿನ ಮಾತು ಅಂದೆ. ಎರಡು ತಿಂಗಳು ಅವನ ಪಕ್ಕ ಕೂತು ನೋಡಿದೆ.

ಆಟದ ಹೆಸರು ಬಿಜಿಎಂಐ, ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಕೊರಿಯಾದ ಕ್ರಾಫ್ಟನ್ ಕಂಪನಿಯದು. ಇದರ ಮೂಲದ ಪಬ್‌ಜಿಯ ಹೆಸರು ನೀವೂ ಕೇಳಿರುತ್ತೀರಿ. ನೂರು ಜನ ವಿಮಾನದಿಂದ ಒಂದು ದ್ವೀಪದ ಮೇಲೆ ಬರಿಗೈಯಲ್ಲಿ ಇಳಿಯುತ್ತಾರೆ. ಎರಾಂಗೆಲ್ ಅನ್ನುವ ಹಳೆಯ ದ್ವೀಪ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಪಾಳುಬಿದ್ದ ಮನೆಗಳಿಗೆ ನುಗ್ಗಿ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಕು. ಕೊನೆಗೆ ಉಳಿದವನು, ಇಲ್ಲವೇ ಉಳಿದ ತಂಡ, ಗೆದ್ದ ಹಾಗೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು ಮತ್ತೆ ಬರಿಗೈ.

ನನಗೆ ಹಿಡಿಸಿದ್ದು ಈ ಬರಿಗೈ. ಕಳೆದ ಆಟದ ಶ್ರೀಮಂತ ಈ ಆಟಕ್ಕೂ ಬಡವನಾಗಿಯೇ ಇಳಿಯಬೇಕು. ಇಳಿದ ಮೇಲೆ ನಡೆಯುವ ಜೋಡಣೆ ಇದೆಯಲ್ಲ, ಅದರ ಸೊಗಸೇ ಬೇರೆ. ಎಂ 416 ಅಂತ ಒಂದು ಬಂದೂಕು, ಹುಡುಗರಿಗೆಲ್ಲ ಪಂಚಪ್ರಾಣ. ಅದಕ್ಕೆ ಐದು ಕಡೆ ಸಾಮಾನು ಕೂಡಿಸಬಹುದು: ನಳಿಗೆಯ ತುದಿಗೆ, ಕೆಳಗಿನ ಹಿಡಿಕೆಗೆ, ಗುಂಡಿನ ಡಬ್ಬಕ್ಕೆ, ಹೆಗಲಿಗೆ ಒತ್ತುವ ಹಿಂಬದಿಗೆ, ಮೇಲಿನ ದುರ್ಬೀನಿಗೆ. ಏನೂ ಇಲ್ಲದ ಎಂ 416 ಪುಂಡ ಕರುವಿನ ಹಾಗೆ ಒದೆಯುತ್ತದೆ. ಒಂದೊಂದೇ ಸಾಮಾನು ಸಿಕ್ಕ ಹಾಗೆ ಪಳಗುತ್ತಾ ಬರುತ್ತದೆ. ನಳಿಗೆಗೆ ಸಪ್ರೆಸರ್ ಹಾಕಿದರೆ ಸದ್ದು ಅಡಗುತ್ತದೆ, ಕಾಂಪೆನ್ಸೇಟರ್ ಹಾಕಿದರೆ ಒದೆತ ತಗ್ಗುತ್ತದೆ. ಎರಡೂ ಬೇಕು ಅಂದರೆ ಆಗದು, ಇರುವುದು ಒಂದೇ ಜಾಗ. ಎಕೆಎಂ ಅನ್ನುವ ಇನ್ನೊಂದು ಬಂದೂಕಿನ ಏಟು ಇದಕ್ಕಿಂತ ಜೋರು, ಆದರೆ ಹಿಡಿಕೆ ಕೂಡಿಸಲು ಅದರಲ್ಲಿ ಜಾಗವೇ ಇಲ್ಲ. ಒದೆತ ಸಹಿಸಿಕೊಳ್ಳುವ ಕೈ ಇದ್ದವನಿಗೆ ಮಾತ್ರ ಅದು. ನಮ್ಮ ಹುಡುಗ ಎದುರಾಳಿಯ ಕಣ್ಣಿಗೆ ಬೀಳದೆ ಪೊದೆಯಲ್ಲಿ ಕೂರುವ ಜಾತಿ, ಅವನಿಗೆ ಸಪ್ರೆಸರೇ ಬೇಕು. ಅವನ ತಂಡದಲ್ಲಿ ತ್ರಿಶೂರಿನ ಹುಡುಗನೊಬ್ಬನಿದ್ದಾನೆ, ಬಾಗಿಲು ಒದ್ದು ನುಗ್ಗುವವನು. ಅವನಿಗೆ ಕಾಂಪೆನ್ಸೇಟರ್. ಬಂದೂಕು ನೋಡಿ ಆಳು ಯಾರು ಅಂತ ಹೇಳಬಹುದು.

ಬಡಗುತಿಟ್ಟಿನ ಮುಂಡಾಸು ಕಟ್ಟುವುದನ್ನು ಚೌಕಿಯಲ್ಲಿ ಕೂತು ನೋಡಿದವರಿಗೆ ಇದು ಅರ್ಥವಾದೀತು. ಅಂಗಡಿಯಿಂದ ತಂದು ತಲೆಗಿಟ್ಟುಕೊಳ್ಳುವ ಟೊಪ್ಪಿ ಅಲ್ಲ ಅದು. ವೇಷಧಾರಿ ತನ್ನ ತಲೆಯ ಮೇಲೆ ಬಟ್ಟೆ ಸುತ್ತಿ ಸುತ್ತಿ, ಜರಿಪಟ್ಟಿ ಬಿಗಿದು ಪ್ರತಿ ರಾತ್ರಿ ಹೊಸದಾಗಿ ಕಟ್ಟಬೇಕು. ಬೆಳಗಾದರೆ ಬಿಚ್ಚಿ ಹಾಕಬೇಕು. ಕಟ್ಟಿದ್ದು ಉಳಿಯುವುದಿಲ್ಲ ಅಂತ ಯಾರಾದರೂ ಸಡಿಲ ಕಟ್ಟುತ್ತಾರೆಯೇ? ಅರ್ಧ ಗಂಟೆಯ ಬಂದೂಕನ್ನು ಹುಡುಗರು ಜೋಡಿಸುವುದೂ ಅದೇ ಶ್ರದ್ಧೆಯಿಂದ. ಸಾಮಾನು ನನ್ನದು ಅನ್ನಿಸುವುದು ಅದು ಎಷ್ಟು ದಿನ ಇರುತ್ತದೆ ಅನ್ನುವುದರಿಂದ ಅಲ್ಲ. ನಾನು ಆರಿಸಿದೆ, ನನ್ನ ಕೈಗೆ ಹೊಂದಿಸಿದೆ, ಕಳೆದುಕೊಂಡರೆ ಹೋಯಿತು — ಇಷ್ಟಿದ್ದರೆ ಅರ್ಧ ಗಂಟೆಯೂ ಸಾಕು. ಈ ಭಾಗವನ್ನು ರೂಪಿಸಿದವರು ಯಾರೋ, ಮನುಷ್ಯರ ಮನಸ್ಸು ಬಲ್ಲವರು.

(ಅಡಿಗೆಮನೆಯ ಕಾವಲಿಯೂ ಈ ಆಟದಲ್ಲಿ ಆಯುಧ. ಸೊಂಟದ ಹಿಂದೆ ತೂಗುಬಿಟ್ಟುಕೊಂಡರೆ ಹಿಂದಿನಿಂದ ಬಂದ ಗುಂಡು ಅದಕ್ಕೆ ಬಡಿದು ಚಿಮ್ಮುತ್ತದೆ. ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ ಇದು.)

ಇನ್ನು ಬಣ್ಣದ ವಿಚಾರ. ಇದಕ್ಕೆ ಹುಡುಗರು ಸ್ಕಿನ್ ಅನ್ನುತ್ತಾರೆ. ಇದು ಆಟದ ನೆಲದಲ್ಲಿ ಸಿಗುವುದಿಲ್ಲ, ಆಟದ ಅಂಗಡಿಯಲ್ಲಿ ಸಿಗುತ್ತದೆ. ರೂಪಾಯಿ ಕೊಟ್ಟು ಯುಸಿ ಅನ್ನುವ ಅವರ ನಾಣ್ಯ ಕೊಳ್ಳಬೇಕು, ನಾಣ್ಯ ಕೊಟ್ಟು ಪೆಟ್ಟಿಗೆ ಒಡೆಯಬೇಕು. ಪೆಟ್ಟಿಗೆಯಲ್ಲಿ ಏನು ಬರುತ್ತದೋ ಅದು. ಗ್ಲೇಸಿಯರ್ ಅನ್ನುವ ಹಿಮದ ಬಣ್ಣದ ಎಂ 416 ಬಂದರೆ ಹುಡುಗನಿಗೆ ತಂಡದಲ್ಲಿ ಮದುಮಗನ ಮರ್ಯಾದೆ. ಅದನ್ನು ಮತ್ತೆ ದುಡ್ಡು ಸುರಿದು ಮೆಟ್ಟಿಲು ಮೆಟ್ಟಿಲಾಗಿ ಏರಿಸಬಹುದು. ಏರಿಸಿದ ಹಾಗೆ ನೀವು ಹೊಡೆದುರುಳಿಸಿದ ಸುದ್ದಿ ವಿಶೇಷ ಪಟ್ಟಿಯಲ್ಲಿ ಉಳಿದವರಿಗೂ ಕಾಣುತ್ತದೆ, ಸತ್ತವನ ಸಾಮಾನಿನ ಪೆಟ್ಟಿಗೆಯೂ ನಿಮ್ಮ ಬಣ್ಣಕ್ಕೆ ತಿರುಗುತ್ತದೆ. ಏಟಿನ ಬಲ ಮಾತ್ರ ಒಂದು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ. ಬಣ್ಣದ ಬಂದೂಕು ಕಡಿಮೆ ಒದೆಯುತ್ತದೆ ಅಂತ ಹುಡುಗರಲ್ಲಿ ಒಂದು ನಂಬಿಕೆ ಇದೆ. ಆಡಿಟ್ ಮಾಡಿದವಳು ನಾನು, ಬಿಡುತ್ತೇನೆಯೇ? ಮೊಮ್ಮಗನ ಗೆಳೆಯನ ಫೋನು ತರಿಸಿ, ತರಬೇತಿ ಮೈದಾನದ ಗೋಡೆಗೆ ಬಣ್ಣದ್ದರಲ್ಲೂ ಬೋಳಾದದ್ದರಲ್ಲೂ ಗುಂಡು ಹೊಡೆಸಿ ನೋಡಿದೆ. ತೂತುಗಳಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ. “ಇಲ್ಲ ಪಾಟ್ಟಿ, ಕೈಗೆ ಗೊತ್ತಾಗತ್ತೆ” ಅಂದ ಆ ಹುಡುಗ. ಕೈಗೆ ಗೊತ್ತಾದರೆ ಸರಿ ಬಿಡಿ. ಹೊಸ ಪೆನ್ನಿನಲ್ಲಿ ಪರೀಕ್ಷೆ ಬರೆದ ಪೀಳಿಗೆ ನಮ್ಮದು.

ಬಣ್ಣಕ್ಕೆ ಬಲವಿಲ್ಲ ಅನ್ನುವುದು ನನ್ನ ಆಕ್ಷೇಪಣೆಯಲ್ಲ. ಬಲ ಇದ್ದಿದ್ದರೆ ದುಡ್ಡಿದ್ದವನೇ ಗೆಲ್ಲುತ್ತಿದ್ದ, ಆಟ ಅಲ್ಲಿಗೇ ಸತ್ತುಹೋಗುತ್ತಿತ್ತು. ಅಷ್ಟರ ಮಟ್ಟಿಗೆ ಇವರು ಮರ್ಯಾದಸ್ಥರು. ತೋರಿಸಿಕೊಳ್ಳುವುದನ್ನೂ ನಾನು ಹೀಗಳೆಯುವುದಿಲ್ಲ. ಲಾಕರ್ ರೂಮಿನ ಕೀಲಿ ನನ್ನ ಕೈಯಲ್ಲಿದ್ದ ವರ್ಷಗಳಲ್ಲಿ ಮದುವೆ ಕಾಲಕ್ಕೆ ಎಷ್ಟು ಜನ ಬರುತ್ತಿದ್ದರು! ಒಡವೆ ಒಯ್ಯುವುದು, ಮೂರು ದಿನ ಹಾಕಿ ಮೆರೆಯುವುದು, ತಂದಿಡುವುದು. ಒಬ್ಬ ಅಜ್ಜಿ ಮಾತ್ರ ಏನನ್ನೂ ಒಯ್ಯುತ್ತಿರಲಿಲ್ಲ. ತೆಗೆದು ನೋಡಿ, ಸವರಿ, ಅಲ್ಲೇ ಇಟ್ಟು ಹೋಗುತ್ತಿದ್ದಳು. ಮೊಮ್ಮಗ ಆಟ ಶುರುವಾಗುವ ಮುಂಚೆ ತನ್ನ ಬೊಂಬೆಯನ್ನು ಆಕಡೆ ಈಕಡೆ ತಿರುಗಿಸಿ ನೋಡುವಾಗ ನನಗೆ ಆ ಅಜ್ಜಿಯದೇ ನೆನಪು.

ಆದರೆ ಆ ಅಜ್ಜಿಯ ಸರ ಅಜ್ಜಿಯದು. ಇದು?

ನಿಬಂಧನೆಗಳನ್ನು ಓದುವ ಚಟ ನನಗೆ. ಇಂಥ ಆಟಗಳಲ್ಲಿ ಕೊಂಡ ಸಾಮಾನು ಮಾರಾಟವಾದದ್ದಲ್ಲ, ಬಳಸಲು ಕೊಟ್ಟ ಪರವಾನಗಿ ಅಷ್ಟೆ. ಬೇರೆಯವರಿಗೆ ಮಾರುವಂತಿಲ್ಲ, ಅಂಗಡಿ ಮುಚ್ಚಿದರೆ ಕೇಳುವಂತಿಲ್ಲ. ಅಡಮಾನ, ಉಯಿಲು ಎಲ್ಲ ದೂರದ ಮಾತು. ಇದು ಬರೀ ಕಾಗದದ ಮಾತೂ ಅಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಅದರಲ್ಲಿ ಪಬ್‌ಜಿ ಮೊಬೈಲೂ ಇತ್ತು. ಅಕ್ಟೋಬರ್ 30ಕ್ಕೆ ಭಾರತದಲ್ಲಿ ಆಟ ಪೂರ್ತಿ ನಿಂತಿತು. ಏಳನೇ ಕ್ಲಾಸಿನಲ್ಲಿದ್ದ ಮೊಮ್ಮಗ ಆ ರಾತ್ರಿ ಊಟ ಬಿಟ್ಟು ಮಲಗಿದ್ದ. 2021ರ ಜುಲೈನಲ್ಲಿ ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು. ಹಳೆಯ ಖಾತೆಯ ಸಾಮಾನನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶವನ್ನೂ ಕೊಟ್ಟರು. 2022ರ ಜುಲೈ ಕೊನೆಗೆ ಅದೂ ಆ್ಯಪ್ ಅಂಗಡಿಗಳಿಂದ ಮಾಯ. 2023ರ ಮೇ ಕೊನೆಗೆ ಮತ್ತೆ ಪ್ರತ್ಯಕ್ಷ!

ನನಗೆ ಇದು ಹೊಸದೇನಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು, 2019ರಲ್ಲಿ ವಿಜಯ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ನಮ್ಮ ಕರ್ನಾಟಕದ ಬ್ಯಾಂಕುಗಳ ಪಾಸ್‌ಬುಕ್ಕುಗಳು ಒಂದೊಂದಾಗಿ ಬಣ್ಣ ಬದಲಾಯಿಸಿದವು. ಆದರೆ ಗ್ರಾಹಕರ ಒಂದು ಪೈಸೆಯೂ ಅತ್ತಿತ್ತ ಆಗಲಿಲ್ಲ, ಯಾಕೆಂದರೆ ಅದು ಅವರ ದುಡ್ಡು, ಅದಕ್ಕೆ ಕಾನೂನಿನ ಕಾವಲಿದೆ. ಹುಡುಗರಿಗೆ ಸಿಕ್ಕ ವರ್ಗಾವಣೆ ಹಕ್ಕಲ್ಲ, ಔದಾರ್ಯ. ಈ ಎರಡರ ನಡುವಿನ ಅಂತರ ಹದಿನೇಳರ ಹುಡುಗನಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ನಲವತ್ತರ ಅಳಿಯನಿಗೇ ಆಗಿಲ್ಲ.

ಹಾಗಾದರೆ ಮಾರುವ ಹಕ್ಕಿದ್ದರೆ ಸರಿಹೋಗುತ್ತದೆಯೇ? ಅದಕ್ಕೂ ಉದಾಹರಣೆ ಇದೆ. ಕಂಪ್ಯೂಟರಿನಲ್ಲಿ ಆಡುವ ಕೌಂಟರ್ ಸ್ಟ್ರೈಕ್ ಅನ್ನುವ ಆಟದಲ್ಲಿ 2013ರ ಆಗಸ್ಟ್‌ನಿಂದ ಬಂದೂಕಿನ ಬಣ್ಣಗಳು ಬಂದವು. ಅವನ್ನು ಆಟಗಾರರು ತಮ್ಮತಮ್ಮಲ್ಲೇ ಮಾರಿಕೊಳ್ಳಬಹುದು. ಷೇರು ಪೇಟೆಯೇ ಹುಟ್ಟಿಕೊಂಡಿತು! ಒಂದು ಚಾಕುವಿನ ಬೆಲೆ ಸಾವಿರಾರು ಡಾಲರ್. 2025ರ ಅಕ್ಟೋಬರ್‌ನಲ್ಲಿ ಕಂಪನಿ ಒಂದು ನಿಯಮ ಬದಲಿಸಿ, ಕೆಳಗಿನ ದರ್ಜೆಯ ಸಾಮಾನು ಕೊಟ್ಟು ಚಾಕು ಪಡೆಯಬಹುದು ಅಂದಿತು. ಚಾಕುಗಳ ಬೆಲೆ ದಬದಬ ಬಿತ್ತು. ಅದು ಇರಲಿ, ನನ್ನ ಗಮನ ಸೆಳೆದದ್ದು ಬೇರೆ. ಅಲ್ಲಿ ಪ್ರತಿ ಬಂದೂಕಿಗೂ ಸವಕಲಿನ ಒಂದು ಅಂಕಿ ಇದೆ, ಸೊನ್ನೆಯಿಂದ ಒಂದರೊಳಗೆ. ಹೊಚ್ಚ ಹೊಸದರ ಹಾಗೆ ಕಾಣುವುದೋ, ಗೀರು ಬಿದ್ದು ಮಾಸಿದ ಹಾಗೆ ಕಾಣುವುದೋ ಆ ಅಂಕಿಯೇ ಹೇಳುತ್ತದೆ. ಆದರೆ ಅದು ಹುಟ್ಟುವಾಗಲೇ ಬರೆದ ಹಣೆಬರಹ. ಹತ್ತು ವರ್ಷ ಹಗಲೂ ರಾತ್ರಿ ಆಡಿದರೂ ಹೊಸದಾಗಿ ಒಂದು ಗೀರು ಬೀಳದು. ಹಾಗಾದರೆ ಬಂದೂಕು ತನ್ನ ಯಜಮಾನನನ್ನು ಗುರುತು ಹಿಡಿಯುವುದಾದರೂ ಹೇಗೆ? ಅದೇ ಆಟದಲ್ಲಿ ಸ್ಟ್ಯಾಟ್‌ಟ್ರ್ಯಾಕ್ ಅನ್ನುವ ಎಣಿಕೆಯಂತ್ರ ಅಂಟಿಸಿದ ಬಂದೂಕುಗಳಿವೆ, ಎಷ್ಟು ಜನರನ್ನು ಹೊಡೆದಿರಿ ಅಂತ ಲೆಕ್ಕ ಇಡುತ್ತವೆ. ಮಾರಿದರೆ ಲೆಕ್ಕ ಸೊನ್ನೆಗೆ ಬರುತ್ತದೆ. ಭೇಷ್ ಅಂದೆ! ಆ ನಿಯಮ ಬರೆದವನಿಗೆ ಬಣ್ಣ ಮಾರಬಹುದು, ಪಟ್ಟ ಪಾಡು ಮಾರಲಾಗದು ಅಂತ ಗೊತ್ತಿತ್ತು.

ಅಣ್ಣನ ಬುಗುರಿಯ ವಿಷಯ ಇಲ್ಲಿ ಹೇಳಬೇಕು. ಆಗುಂಬೆ ಹತ್ತಿರದ ನಮ್ಮೂರಲ್ಲಿ ಆಚಾರಿ ಬುಗುರಿ ಕಡೆದುಕೊಡುತ್ತಿದ್ದ. ಎಲ್ಲ ಹುಡುಗರಿಗೂ ಒಂದೇ ಥರದ್ದು. ಮನೆಗೆ ತಂದ ಮೇಲೆ ಅದರ ಮೊಂಡು ಮೊಳೆ ಕಿತ್ತು, ಉದ್ದದ್ದು ಹೊಡೆದು, ಬಾವಿಕಟ್ಟೆಯ ಕಲ್ಲಿಗೆ ಉಜ್ಜಿ ಚೂಪು ಮಾಡುವುದು. ಅಮ್ಮನ ಕುಂಕುಮದ ಬಟ್ಟಲಿಗೆ ಕೈ ಹಾಕಿ ಬೈಸಿಕೊಂಡು ಬಣ್ಣ ಬಳಿಯುವುದು. ಚಾಟಿಗೆ ಯಾವ ದಾರ ಅನ್ನುವುದಕ್ಕೆ ದೊಡ್ಡ ಚರ್ಚೆ. ಸೋತವನ ಬುಗುರಿಯನ್ನು ನೆಲಕ್ಕಿಟ್ಟು ಗೆದ್ದವನು ಮೊಳೆಯಿಂದ ಗುನ್ನ ಹೊಡೆಯುತ್ತಿದ್ದ. ಕೆಲವೊಮ್ಮೆ ಬುಗುರಿ ಹೋಳಾಗುವುದೂ ಇತ್ತು. ಹೋಳಾಗದೆ ಉಳಿದು, ಮೈತುಂಬ ಗುನ್ನ ಬಿದ್ದ ಅಣ್ಣನ ಬುಗುರಿಗೆ ಯಾರೋ ಹೊಸ ಬುಗುರಿ ಜೊತೆಗೆ ನಾಲ್ಕಾಣೆ ಕೊಡುತ್ತೇನೆ ಅಂದರೂ ಅಣ್ಣ ಕೊಡಲಿಲ್ಲ. ಅದೂ ಹತ್ತಾರು ಜನ ಸೇರಿ ಆಡುವ ಯುದ್ಧವೇ ಅಲ್ಲವೆ? ಪ್ರತಿಯೊಂದು ಗುನ್ನ ಯಾರು ಹೊಡೆದದ್ದು ಅಂತ ಕೇರಿಗೆಲ್ಲ ಗೊತ್ತಿತ್ತು. ಆ ಸಾಕ್ಷಿ ಇಲ್ಲದಿದ್ದರೆ ಗುನ್ನ ಬರೀ ತೂತು.

ಈ ಆಟದ ಅಂಗಡಿ ಮಾರುತ್ತಿರುವುದು ಗುನ್ನ ಬೀಳದ ಬುಗುರಿಯನ್ನು. ನನ್ನ ದೂರು ಇಷ್ಟೇ. ನೆಲದ ಮೇಲೆ ಅರ್ಧ ಗಂಟೆ ಅಷ್ಟು ಚೆನ್ನಾಗಿ ಗೊತ್ತಿದ್ದ ಗುಟ್ಟನ್ನು ಅಂಗಡಿಗೆ ಬಂದಾಗ ಮರೆತುಬಿಟ್ಟಿದ್ದಾರೆ. ಸಪ್ರೆಸರ್ ಆರಿಸಿದವನು ಮೊಮ್ಮಗ, ಗ್ಲೇಸಿಯರ್ ಆರಿಸುವುದು ಪೆಟ್ಟಿಗೆ. ಬೆಲ್ಜಿಯಂ ದೇಶದಲ್ಲಿ 2018ರಲ್ಲೇ ಇಂಥ ಪೆಟ್ಟಿಗೆಗಳು ಜೂಜು ಅಂತ ತೀರ್ಮಾನಿಸಿದರು. ನಮ್ಮಲ್ಲಿ 2021ರಲ್ಲಿ ಬಿಜಿಎಂಐ ಬಂದಾಗ ಹದಿನೆಂಟರ ಒಳಗಿನವರು ದಿನಕ್ಕೆ 7,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ ಅಂತ ಮಿತಿ ಇಟ್ಟಿದ್ದರು. ದಿನಕ್ಕೆ, ಸ್ವಾಮೀ! ನಾನು ಕೆಲಸಕ್ಕೆ ಸೇರಿದಾಗ ತಿಂಗಳ ಸಂಬಳ ಅದರ ಕಾಲುಭಾಗವೂ ಇರಲಿಲ್ಲ.

ವೇಲಚೇರಿಗೆ ಬಂದ ಮೇಲೆ ನನ್ನದು ಅನ್ನುವ ಮಾತಿನ ಬಗ್ಗೆ ನಾನು ಬೇಕಾದಷ್ಟು ಯೋಚಿಸಿದ್ದೇನೆ. ಕೆರೆಯ ತಗ್ಗಿನಲ್ಲಿರುವ ಊರಿದು, 2015ರಲ್ಲಿ ಮುಳುಗಿತ್ತು, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತಕ್ಕೆ ಮತ್ತೆ ಮುಳುಗಿತು. 2024ರ ಅಕ್ಟೋಬರಿನಲ್ಲಿ ಮಳೆಯ ಮುನ್ಸೂಚನೆ ಬಂದದ್ದೇ ತಡ, ಜನ ಕಾರುಗಳನ್ನೆಲ್ಲ ಒಯ್ದು ವೇಲಚೇರಿ ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ಬಂದರು, ನೀವೂ ಟಿ.ವಿ.ಯಲ್ಲಿ ನೋಡಿರಬಹುದು. ಮಿಚಾಂಗ್ ಹೊತ್ತಿಗೆ ನಾವಿದ್ದದ್ದು ನೆಲಮಹಡಿಯಲ್ಲಿ. ಮಂಡಿಯುದ್ದ ನೀರು ಬಂತು. ನಮ್ಮ ಪಾತ್ರೆಗಳು ತೇಲಿ ಪಕ್ಕದ ಮನೆಗಳ ಪಾತ್ರೆಗಳ ಜೊತೆ ಕಾರಿಡಾರಿನಲ್ಲಿ ಸೇರಿಹೋದವು. ನೀರು ಇಳಿದ ಮೇಲೆ ವಾಚ್‌ಮನ್ ಒಂದು ಡಬರಿ, ಎರಡು ಲೋಟ, ಒಂದು ಅನ್ನದ ಸರಟಿ ಹಿಡಿದು ನೇರ ನಮ್ಮ ಬಾಗಿಲಿಗೇ ಬಂದ. ನನ್ನ ಮದುವೆಗೆ ಕೊಂಡ ಸ್ಟೀಲಿನ ಪಾತ್ರೆಗಳವು, ತೀರ್ಥಹಳ್ಳಿಯ ಅಂಗಡಿಯವನು ಚುಕ್ಕೆ ಚುಕ್ಕೆಯಾಗಿ ಅಪ್ಪನ ಹೆಸರು ಹೊಡೆದುಕೊಟ್ಟಿದ್ದ. ವಾಚ್‌ಮನ್‌ಗೆ ಕನ್ನಡ ಓದಲು ಬಾರದು. “ಓದಕ್ಕೆ ಬರದ ಎಳುತ್ತು ಅಂದ್ರೆ ಪಾಟ್ಟಿಯದ್ದೇ” ಅಂತ ತಂದಿದ್ದ.

ಮೊಮ್ಮಗನಿಗೂ ಇಂಥದ್ದೊಂದು ಇದೆ, ಅದಕ್ಕೆ ಅವನು ಒಂದು ಯುಸಿಯನ್ನೂ ಕೊಟ್ಟಿಲ್ಲ. ಆಟದಲ್ಲಿ ಅವನ ಹೆಸರು ಆಗುಂಬೆ. ಹುಟ್ಟಿದ್ದು ಬೆಳೆದದ್ದು ಎಲ್ಲ ಈ ಚೆನ್ನೈನಲ್ಲಿ, ಊರಿಗೆ ಹೋಗುವುದು ಬೇಸಿಗೆ ರಜೆಯಲ್ಲಿ ಹತ್ತು ದಿನ. ಆದರೂ ಅದೇ ಹೆಸರು ಇಟ್ಟುಕೊಂಡಿದ್ದಾನೆ. ತ್ರಿಶೂರಿನವನು, ತಾಂಬರಂನವನು, ಎಲ್ಲರೂ “ಆಗುಂಬೆ, ಕವರ್ ಕೊಡು”, “ಆಗುಂಬೆ ಬಿದ್ದ” ಅಂತ ಕೂಗುವುದು ಕೇಳಿದರೆ ನನಗೆ ನಗುವೂ ಬರುತ್ತದೆ, ಇನ್ನೊಂದೂ ಬರುತ್ತದೆ.

ಹುಟ್ಟುಹಬ್ಬಕ್ಕೆ ದುಡ್ಡು ಕೊಟ್ಟೆ. ಪೆಟ್ಟಿಗೆ ಒಡೆಯಕೂಡದು, ಬೆಲೆ ಬರೆದಿಟ್ಟ ಸಾಮಾನು ಯಾವುದಾದರೂ ಇದ್ದರೆ ನೀನೇ ಆರಿಸಿಕೋ ಅನ್ನುವುದೊಂದೇ ಷರತ್ತು. ಎರಡು ದಿನ ಮುಖ ಊದಿಸಿಕೊಂಡು, ಮೂರನೇ ದಿನ ಎಂ 416ಕ್ಕೆ ಪಾಚಿ ಹಸಿರಿನ ಒಂದು ಸಾದಾ ಬಣ್ಣ ಕೊಂಡ. ಗ್ಲೇಸಿಯರ್ ಮುಂದೆ ಅದು ಏನೂ ಅಲ್ಲ. “ಮಳೆಗಾಲದ ಬಣ್ಣ ಅಜ್ಜಿ” ಅಂದ.

ಈ ಆಟದಲ್ಲಿ ಒಂದು ಪದ್ಧತಿ ಇದೆ: ನೆಲದ ಮೇಲಿಂದ ಬಂದೂಕು ಎತ್ತಿಕೊಂಡಾಗ ಎತ್ತಿಕೊಂಡವನ ಬಣ್ಣ ಅದಕ್ಕೆ ಬರುತ್ತದೆ. ಅವನು ಸತ್ತ ಮೇಲೆ ಬೇರೆಯವನು ಆ ಬಂದೂಕು ತೆಗೆದುಕೊಂಡರೂ ಬಣ್ಣ ಹಾಗೇ ಉಳಿಯುತ್ತದೆ. ಹೋದ ವಾರ ನಮ್ಮವನು ಬೇಗನೇ ಸತ್ತ. ಫೋನು ಬಿಸಾಡುತ್ತಾನೆ ಅಂದುಕೊಂಡೆ, ಇಲ್ಲ, ಕೂತು ನೋಡುತ್ತಿದ್ದ. ತ್ರಿಶೂರಿನ ಹುಡುಗ ತೆವಳಿಕೊಂಡು ಬಂದು ಇವನ ಪೆಟ್ಟಿಗೆಯಿಂದ ಪಾಚಿ ಬಣ್ಣದ ಬಂದೂಕು ತೆಗೆದುಕೊಂಡ. ಅವನ ಹತ್ತಿರ ಕಾಂಪೆನ್ಸೇಟರ್ ಇತ್ತು, ಆದರೂ ಇವನ ಸಪ್ರೆಸರ್ ಬಿಚ್ಚಲಿಲ್ಲ. ಕೊನೆಯ ಸುತ್ತಿನಲ್ಲಿ ಇನ್ನು ನಾಲ್ಕೇ ಜನ ಉಳಿದಿದ್ದಾಗ ಬೇಲಿಯ ಹಿಂದೆ ಬೋರಲು ಮಲಗಿಕೊಂಡು ಫೋನಿನಲ್ಲಿ ಪಿಸುಗುಟ್ಟಿದ: “ಆಗುಂಬೆಯ ಗನ್ ನನ್ನತ್ರ ಇದೆ, ಹೆದರಬೇಡಿ.”

ಸತ್ತ ನಮ್ಮ ಹುಡುಗ ಸೋಫಾದ ಮೇಲೆ ನೆಟ್ಟಗೆ ಎದ್ದು ಕೂತ.